ಗ್ಲಾಸಿನ ತಳದ ಕೆಂಪು

ಜತ್ತ ಸಂಸ್ಥಾನ ವಿಲೀನವಾಗಿ ನಾಲ್ಕೈದು ವರ್ಷವಾಗಿತ್ತು. ಮುಚ್ಚಂಡಿಯಲ್ಲಿ ಶಾಲೆಯ ಮಾಸ್ತರನಾಗಿದ್ದ ನನಗೆ ಎರಡು ಚಟ. ಒಂದು, ಆಕಾರವಿಲ್ಲದ ಚಿತ್ರ ಬರೆಯುವುದು. ಇನ್ನೊಂದು, ಎಲ್ಲರ ಮೇಲೂ ಸಂಶಯಪಡುವುದು. ಅಂಗಡಿಯ ಬಣ್ಣ ಮುಟ್ಟುವುದಿಲ್ಲ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಸುಟ್ಟ ಜೋಳದ ದಂಟಿನ ಕಪ್ಪು, ಸುಣ್ಣ, ಹಳ್ಳದ ದಂಡೆಯ ಹಳದಿ ಮಣ್ಣು, ಎಲ್ಲವನ್ನೂ ನಾನೇ ಅರೆದು ಜಾಲಿಯ ಅಂಟಿನಲ್ಲಿ ಕಲಸುತ್ತಿದ್ದೆ. ಒಳ್ಳೆಯ ಕೆಂಪು ಮಾತ್ರ ಸಿಕ್ಕಿರಲಿಲ್ಲ.

ಅದನ್ನು ತಂದುಕೊಟ್ಟವರು ನಮ್ಮ ಓಣಿಯಲ್ಲಿ ಸೀರೆಗಳಿಗೆ ಬಣ್ಣ ಹಾಕುತ್ತಿದ್ದ ಮುದುಕರು. ಅವರನ್ನು ಕಾಕಾ ಎನ್ನುತ್ತಿದ್ದೆ. ಅರೆಯುವುದನ್ನು ಕಲಿಸಿದವರೂ ಅವರೇ. ನನ್ನ ಚಿತ್ರ ನೋಡಿ ಇದೇನು ಎಂದು ಕೇಳದಿದ್ದವರು ಊರಿನಲ್ಲಿ ಅವರೊಬ್ಬರೇ. ಆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಗಂಟು ಕೆಂಪು ಮಣ್ಣು ತರತೊಡಗಿದರು. ಅದರಿಂದಲೇ ದೊಡ್ಡ ಹಲಗೆಯೊಂದರ ಅರ್ಧ ತುಂಬಿದೆ. ಅಷ್ಟು ಖುಷಿಯಿಂದ ಹಿಂದೆಂದೂ ಬರೆದಿರಲಿಲ್ಲ.

ಎಲ್ಲಿಯ ಮಣ್ಣು ಎಂದರೆ ಮಾತ್ರ ಹೇಳರು.

"ಬಣ್ಣ ಚಲೋ ಐತಿಲ್ಲ? ಊರ ಯಾಕ ಕೇಳ್ತೀರಿ ಮಾಸ್ತರ?"

ನನ್ನ ತಲೆ ಕೆಡಲು ಅಷ್ಟು ಸಾಕಾಯಿತು. ಅವರ ಮನೆಯ ಗೋಡೆಯ ಮಾಡದಲ್ಲಿ ಬಣ್ಣದ ಪುಡಿಯ ಡಬ್ಬಿಗಳ ಸಾಲೇ ಇತ್ತು. ನಮ್ಮ ಕರಿನೆಲದಲ್ಲಿ ಇಂಥ ಕೆಂಪು ಎಲ್ಲಿಂದ ಬರಬೇಕು? ಮಣ್ಣಿಗೆ ಪುಡಿ ಬೆರೆಸಿ ನನ್ನನ್ನು ಮಂಗ ಮಾಡುತ್ತಿದ್ದಾರೆ ಎನಿಸಿತು. ಅವರು ನಕ್ಕರೆ ನನ್ನನ್ನೇ ನೋಡಿ ನಕ್ಕಂತೆ. ಹಲಗೆಯನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟೆ.

ಪರೀಕ್ಷೆಯನ್ನೂ ಹಿಂದೆ ಅವರೇ ಕಲಿಸಿದ್ದರು: ನೀರಿನಲ್ಲಿ ಕಲಕಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ, ಅಂಗಡಿಯ ಬಣ್ಣ ನೀರಿನಲ್ಲೇ ಕರಗಿ ಉಳಿಯುತ್ತದೆ. ಒಂದು ಗ್ಲಾಸಿನಲ್ಲಿ ಕಲಕಿ ಕಿಟಕಿಯಲ್ಲಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ತಳದಲ್ಲಿ ಕೆಂಪು, ಮೇಲೆ ತಿಳಿ ನೀರು. ನಾಚಿಕೆಯಾಯಿತು. ಗ್ಲಾಸು ಎತ್ತಿಡುವಷ್ಟರಲ್ಲಿ ಕಾಕಾ ತಂಬಿಗೆ ಹಿಡಿದು ಒಳಗೆ ಬಂದರು.

ಬಾಲಗಾಂವದಲ್ಲಿ ಅವರ ತಮ್ಮನ ಹೊಲದಲ್ಲಿ ಬಾವಿ ತೋಡುತ್ತಿದ್ದರಂತೆ. ಕರಿಕಲ್ಲಿನ ಕೆಳಗೆ ಈ ಕೆಂಪು ಪದರ ಸಿಕ್ಕಿತ್ತು. ನೀರು ಬೀಳುವವರೆಗೆ ಬಾವಿಯ ಸುದ್ದಿ ಹೊರಗೆ ಆಡಬಾರದೆಂಬುದು ಅವರ ಮನೆಯ ನಂಬಿಕೆ. ನಿನ್ನೆ ನೀರು ಬಿದ್ದಿತ್ತು, ಪದರ ಮುಳುಗಿತ್ತು. ನನಗೆ ಬಣ್ಣ ಕಲಸಲೆಂದು ಹೊಸ ನೀರು ತಂದಿದ್ದರು. ಹೇಳುತ್ತ ಹೇಳುತ್ತ ಅವರ ಕಣ್ಣು ಕಿಟಕಿಗೆ ಹೋಯಿತು.

"ತಳಕ್ಕ ಕುಂತೈತಲ್ರಿ," ಎಂದರು. ತಂಬಿಗೆ ಇಟ್ಟು ಹೋದರು.

ಸಿಟ್ಟಾಗಿ ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಬೈಯಲಿಲ್ಲ. ಬೇರೆ ಬೇರೆ ಮಣ್ಣು ತರುವುದನ್ನೂ ಬಿಡಲಿಲ್ಲ. ಆದರೆ ಅಂದಿನಿಂದ ಗಂಟು ಬಿಚ್ಚುವ ಮೊದಲು, "ಗ್ಲಾಸ ತರ್ರಿ ಮಾಸ್ತರ," ಎನ್ನುತ್ತಿದ್ದರು. ಬೇಡ ಕಾಕಾ ಎಂದು ಎಷ್ಟು ಗೋಗರೆದರೂ ಕೇಳುತ್ತಿರಲಿಲ್ಲ. ತಾವೇ ಕಲಕಿ, ಮಣ್ಣು ತಳಕ್ಕೆ ಕೂರುವವರೆಗೆ ಹೊಸ್ತಿಲ ಹೊರಗೆ ಕುಳಿತಿರುತ್ತಿದ್ದರು.