ಗುಳಿಗೆ ತಗೊಂಡವರಿಗೆ ಕಾಫಿ ಇಲ್ಲ

ಸಿಸ್ಟರ್ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಂದು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗದ ಕಾಫಿಪುಡಿಯ ಕಲೆ ಅದು. ಅವರ ಬಿಳಿ ಸೀರೆಗೂ ನಾನು ಹನ್ನೆರಡು ವರ್ಷ ಓಡಿಸಿದ ಮಿಶನ್ ಜೀಪಿಗೂ ಅದೇ ವಾಸನೆ.

ಅವರು ಮಂಗಳೂರು ಕಡೆಯ ಕನ್ಯಾಸ್ತ್ರೀ, ಓದಿದ್ದು ನರ್ಸಿಂಗ್. ಬುಧವಾರ ನರೋಣಾ ಸುತ್ತಿನ ಹಳ್ಳಿಗಳು, ಶುಕ್ರವಾರ ಘತ್ತರಗಿ. ಸಣ್ಣ ರೈತರಿಗೆ, ಕೂಲಿಯವರಿಗೆ ಪುಕ್ಕಟೆ ಗುಳಿಗೆ, ಗಾಯಕ್ಕೆ ಪಟ್ಟಿ. ಜೀಪಿಗೆ ಬರುತ್ತಿದ್ದ ನೆರವು ನಿಂತುಹೋದಾಗ, ಚಿಕ್ಕಮಗಳೂರಿನಿಂದ ಬೀಜ ತರಿಸಿ, ತಾವೇ ಹುರಿದು ಪುಡಿ ಮಾಡಿ ಮಾರುತ್ತೇನೆಂದರು. ಚಹಾ ಕುಡಿಯದೆ ಬೆಳಗಾಗದ ನಮ್ಮ ಕಲಬುರಗಿ ಸೀಮೆಯಲ್ಲಿ ಕಾಫಿ! ಚಹಾಪುಡಿಯನ್ನೇ ಮಾರೋಣವೆಂದು ಬಾಯಿ ನೋಯುವಷ್ಟು ಹೇಳಿದೆ. ಕೇಳಿದರೆ ತಾನೇ? ಮೊದಲ ಪೊಟ್ಟಣ ಒಯ್ದ ಆಳಂದದ ಮಾಸ್ತರರ ಮನೆಯಲ್ಲಿ ಅದನ್ನು ಹಾಲು, ಸಕ್ಕರೆ, ಹಸಿಶುಂಠಿ ಹಾಕಿ ಚಹಾದಂತೆಯೇ ಕುದಿಸಿ, ತಳದಲ್ಲಿ ಕೆಸರು ಕೂತಿದೆಯೆಂದು ವಾಪಸು ಕಳಿಸಿದರು. ಅಂದಿನಿಂದ ಕೊಂಡವರ ಮನೆಮನೆಗೂ ಇವರೇ ಹೋಗಿ, ಡಿಕಾಕ್ಷನ್ ಇಳಿಯುವ ತನಕ ಕೂತು ಕಲಿಸುವುದು, ನಾನು ಹೊರಗೆ ಬಿಸಿಲಲ್ಲಿ ಕಾಯುವುದು. ಡಿಕಾಕ್ಷನ್ ಅನ್ನುವುದು ಹನಿಹನಿಯಾಗಿ ಇಳಿಯುತ್ತದೆ, ಗೊತ್ತಿರಲಿ.

ಇದನ್ನೂ ಸಹಿಸಿಕೊಂಡೆ. ತಲೆ ಕೆಡಿಸಿದ್ದು ಅವರ ನೇಮ. ಜೀಪಿನ ಔಷಧ ತೆಗೆದುಕೊಂಡ ಮನೆಗೆ ಕಾಫಿ ಮಾರುವಂತಿಲ್ಲ. ಹಳ್ಳಿಯ ಹೆಂಗಸರು ಪೊಟ್ಟಣಕ್ಕೆ ಕೈಚಾಚಿದರೂ ಕೊಡದೆ, ಅದನ್ನು ಹೊತ್ತು ಜೇವರ್ಗಿಯ ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದರು.

“ಮದ್ದಿಗೆ ಬಾಲ ಇರಬಾರದು ಮಾರಾಯ. ಕಾಫಿ ಕೊಳ್ಳದಿದ್ರೆ ಸಿಸ್ಟರ್ ಮುನಿಸಿಕೊಳ್ತಾರೆ ಅಂತ ಒಬ್ಬಳಿಗೆ ಅನ್ನಿಸಿದ್ರೂ ಸಾಕು, ನಾವು ಕೊಟ್ಟದ್ದು ದಾನ ಅಲ್ಲ.”

ನನ್ನ ಹೆಂಡತಿ ಜೀಪಿನಿಂದ ಬಿಪಿ ಗುಳಿಗೆ ತಗೊಂಡ ದಿನವೇ ನನ್ನ ಪೊಟ್ಟಣವೂ ಬಂದ್. ಅಷ್ಟರಲ್ಲಿ ನನಗೆ ಕಾಫಿಯ ಚಟ ಹತ್ತಿಬಿಟ್ಟಿತ್ತು.

ಒಮ್ಮೆ ಘತ್ತರಗಿಯ ಹೋಟೆಲಿನವನು, ಇಲ್ಲಿನ ದೇವಿಯ ಗುಡಿಗೆ ಬರುವ ದೂರದೂರಿನ ಜನ ಕಾಫಿ ಕೇಳುತ್ತಾರೆ, ತಿಂಗಳಿಗೊಂದು ಚೀಲ ತಪ್ಪದೆ ಕೊಡಿ ಎಂದ. ಜೀಪು ಇನ್ನು ನಿಲ್ಲುವುದಿಲ್ಲವೆಂದು ನಾನು ಹಿಗ್ಗಿದೆ. ಸಿಸ್ಟರ್ ಕೇಳಿದ್ದು ಒಂದೇ: ನಿಮ್ಮ ತಾಯಿಯ ಕಾಲಿಗೆ ಪಟ್ಟಿ ಕಟ್ಟುವುದು ನಾವೇ ಅಲ್ಲವೇ? ಅವ್ವನನ್ನು ಬೇರೆ ದವಾಖಾನೆಗೆ ಒಯ್ಯುತ್ತೇನೆಂದ ಅವನು. ಒಳಗಿನಿಂದ ಮುದುಕಿ ಹೇಳಿದಳು: “ನಿನ್ನ ಕಾಫಿ ಸಲುವಾಗಿ ನಾ ಎಲ್ಲಿಗೂ ಹೋಗಂಗಿಲ್ಲ ಲೇ. ಆಕಿ ಕೈಲೇ ಕಟ್ಟಿಸ್ಕೋತೀನಿ.”

ಅಲ್ಲಿಗೆ ಆ ವ್ಯಾಪಾರ ಮುಗಿಯಿತು. ಎರಡೇ ವಾರದಲ್ಲಿ ಡೀಸೆಲ್ ಇಲ್ಲದೆ ಜೀಪೂ ನಿಂತಿತು. “ನಿಮ್ಮ ಹಟಕ್ಕ ಮಂದಿ ಸಾಯ್ಬೇಕೇನ್ರಿ?” ಎಂದುಬಿಟ್ಟೆ. ಅಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರು ಒಂದು ಹೆಗಲಿಗೆ ಔಷಧದ ಚೀಲ, ಇನ್ನೊಂದಕ್ಕೆ ಕಾಫಿಯ ಚೀಲ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಗೊಣಗುತ್ತ ನಾನೂ ಹಿಂದೆ ಹೋಗಿ ಒಂದು ಚೀಲ ಇಸಿದುಕೊಂಡೆ. ಕಾಫಿ ಮಾರಿ ಮತ್ತೆ ಡೀಸೆಲ್ ಹಾಕಿಸುವ ತನಕ ಒಂದು ಶುಕ್ರವಾರವೂ ಮುದುಕಿಯ ಪಟ್ಟಿ ತಪ್ಪಲಿಲ್ಲ.

ಹೋದ ವರ್ಷ ಕಾಯಿಲೆ ಬಿದ್ದು ಅವರು ಕಲಬುರಗಿಯ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಆ ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು. ಮನೆಯವಳ ಬಿಪಿ ಹೇಗುಂಟು ಎಂದು ಕೇಳಿದರು.

“ಚಲೋ ಅದಾಳ್ರಿ. ಜೀಪಿನ ಗುಳಿಗಿನೇ ತಗೋತಾಳ.”

“ಹಾಗಾದ್ರೆ ನಿನಗೆ ಕಾಫಿ ಇಲ್ಲ,” ಎಂದು ನಕ್ಕರು. ಅದೇ ಕೊನೆಯ ಮಾತು. ವಾರದೊಳಗೆ ತೀರಿಕೊಂಡರು.

ಈಗ ಹೊಸ ಸಿಸ್ಟರ್ ಬಂದಿದ್ದಾರೆ. ಹಳೆಯವರ ನೇಮವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕಳೆದ ಶುಕ್ರವಾರ ಹೋಟೆಲಿನವನು ನನ್ನ ಹತ್ತಿರ ಬಂದು, ಈಗಲಾದರೂ ಚೀಲ ಕೊಡು ಎಂದ. ಅವ್ವ ಎಲ್ಲಿ ಎಂದು ಕೇಳಿದೆ.

“ಅಕಾ ಅಲ್ಲಿ, ಜೀಪಿನ್ಯಾಗ ಪಟ್ಟಿ ಕಟ್ಟಿಸ್ಕೊಳ್ಳಾಕತ್ತಾಳ ನೋಡು.”

“ಹಂಗಾದ್ರ ಇಲ್ಲ,” ಎಂದೆ.

ನನಗೂ ಹುಚ್ಚು ಹಿಡಿಯಿತೆಂದು ಬೈದು ಹೋದ. ಬೆನ್ನ ಹಿಂದೆ ಚೀಲದ ತುಂಬ ಕಾಫಿಯ ಘಮ. ಆ ವಾಸನೆಯಲ್ಲೇ ಊರ ತನಕ ಜೀಪು ಓಡಿಸಿ, ಮನೆಗೆ ಬಂದು ಹೆಂಡತಿ ಕೊಟ್ಟ ಚಹಾ ಕುಡಿದೆ.