ಪ್ರಶಸ್ತಿ ಬಂದ ಕಂತಿನಲ್ಲಿ ನಾದಿನಿ ಇಲ್ಲ

ಗೆಳೆಯರೇ, ರಾಬರ್ಟ್‌ಸನ್‌ಪೇಟೆಯ ನಮ್ಮ ಪುಟ್ಟ ಪಾಡ್‌ಕಾಸ್ಟ್ ಕಂಪನಿಗೆ ಮೊದಲ ಪ್ರಶಸ್ತಿ ಬಂದಿದೆ. ಗೆದ್ದದ್ದು ಕ್ಯಾಸಂಬಳ್ಳಿಯಲ್ಲಿ ಹಸು ಸಾಕುವ ಮುನಿಯಮ್ಮಜ್ಜಿ ತಮ್ಮ ಬದುಕಿನ ಕಥೆ ಹೇಳಿದ ಕಂತು. ಇವತ್ತು ಬೆಳಿಗ್ಗೆ ಫಲಕ ಹಿಡಿದು ಅವರ ಮನೆಗೇ ಹೋಗಿ, ಕಂತನ್ನು ಕೇಳಿಸಿದೆವು. ಮುಗಿಯುವಷ್ಟರಲ್ಲಿ ಅಜ್ಜಿ ಮುಖ ಗಂಟಿಕ್ಕಿಕೊಂಡಿದ್ದರು.

"ಏನ್ಲಾ, ಒಂದಿನ ಪೂರ್ತಿ ಮಾತಾಡಿದ್ನಲ್ಲ, ಇಷ್ಟೇನಾ? ನಮ್ ನಾದ್ನಿ ನನ್ ಅಸೂನ ಬಡಕ್ಲು ಅಂದಿದ್ದು ಎಲ್ಲೋಯ್ತು?"

"ಉದ್ದ ಆಯ್ತು ಅಂತ ಕತ್ತರಿಸಿದ್ವಿ ಅಜ್ಜಿ."

"ಅದೇ ಅಲ್ವೇನ್ಲಾ ಮುಖ್ಯವಾದ್ದು! ಅದನ್ನ ಸೇರ್ಸೋಗಂಟ ಎರಡನೇ ಕಂತಿಗೆ ನಾನು ಬಾಯಿ ಬಿಡಾಕಿಲ್ಲ."

ಕೇಳುಗರೆಲ್ಲ ಎರಡನೇ ಕಂತಿಗೇ ಕಾಯುತ್ತಿದ್ದಾರೆ. ಬೇರೆ ದಾರಿ ಕಾಣದೆ, ಅಲ್ಲೇ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ನಾದಿನಿಯನ್ನು ವಾಪಸ್ ಸೇರಿಸಿದೆವು.

ನಮಗೆ ಬಂದಿರುವುದು ಅತ್ಯುತ್ತಮ ಎಡಿಟಿಂಗ್ ಪ್ರಶಸ್ತಿ ಎಂದು ಅಜ್ಜಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.