ಮೂರು ವರ್ಷದ ಬಜೆ

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷ. ಪಡಸಾಲೆಯ ಗೋಡೆ ಗಡಿಯಾರದಲ್ಲಿ ನಾನೇ ನೋಡಿದ್ದು. ನಾಲ್ಕನೆಯ ಇಯತ್ತೆಯಲ್ಲಿದ್ದ ನನಗೆ ಗಡಿಯಾರ ನೋಡಲು ಬರುತ್ತದೆ ಎಂಬ ಹೆಮ್ಮೆ ಇತ್ತು. ಆ ಗಳಿಗೆಯಲ್ಲಿ ನನ್ನ ತಂಗಿ ನೀಲಾ ಅಜ್ಜಿಯ ತೊಡೆಯ ಮೇಲೆ ಮೊದಲ ಸಲ ವಾಂತಿ ಮಾಡಿಕೊಂಡಳು. ಜೇನು, ಅದರೊಳಗಿಂದ ಎದ್ದು ಬಂದ ಬಜೆ ಬೇರಿನ ಖಾರವಾದ, ಒಗರಾದ, ಹಳೆಯ ಕಪಾಟಿನಂಥ ವಾಸನೆ. ಕೂಸಿಗೆ ಎರೆದ ಮನೆಗಳಲ್ಲಿ ಈ ವಾಸನೆ ಎಲ್ಲರಿಗೂ ಹಿತ. ಈಗ ನನ್ನ ಸೊಸೆ ಮೊಮ್ಮಗುವಿಗೆ ನೀರೆರೆದು, "ಅತ್ತಿ, ಬಜಿ ಬೇರು ಎಲ್ಲಿಟ್ಟೀರಿ?" ಎಂದು ಬಚ್ಚಲಿನಿಂದ ಕೂಗಿದರೆ, ಉತ್ತರ ಹೇಳುವ ಮೊದಲು ನನ್ನ ಕಣ್ಣು ಗಡಿಯಾರದ ಕಡೆಗೆ ಹೋಗುತ್ತದೆ.

ಹೂವಿನ ಹಿಪ್ಪರಗಿಯ ನಮ್ಮ ಮನೆ ದೊಡ್ಡದೇನಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬಾಗಿಲ ಎಡಕ್ಕೆ ದನ ಕಟ್ಟುವ ಜಾಗ, ಒಳಗೆ ನೆಲದಡಿಯ ಜೋಳದ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲು. ಅಪ್ಪ ಊರ ಸಾಲೆಯ ಮಾಸ್ತರ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಊರಲ್ಲಿ ಯಾವ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎರೆಯಲು ಆಯಿಯೇ ಬೇಕು. ಐತವಾರಕ್ಕೊಮ್ಮೆ, ನೀರೆರೆದ ಮೇಲೆ, ಅಂಗೈಯಗಲದ ಕಲ್ಲಿನ ಮೇಲೆ ತಾಯಿಯ ಹಾಲು ಹಾಕಿ ಬಜೆಯನ್ನು ಒಂದೇ ಒಂದು ಸುತ್ತು ತೇಯ್ದು, ಬೆರಳ ತುದಿಯಿಂದ ಕೂಸಿನ ನಾಲಿಗೆಗೆ ಮುಟ್ಟಿಸುವಳು. ಮಾತು ಚೊಕ್ಕ ಬರಲಿ ಎಂದು. ನನಗೂ ಹಾಗೆಯೇ ನೆಕ್ಕಿಸಿದ್ದಳಂತೆ. ನೀಲಾ ಹುಟ್ಟಿದಾಗ ಮಾತ್ರ ಆಯಿ ಊರಲ್ಲಿರಲಿಲ್ಲ. ಹಲಸಂಗಿಯಲ್ಲಿ ಹಾಸಿಗೆ ಹಿಡಿದ ಮಗಳ ಆರೈಕೆಗೆ ಹೋದವಳು ಬಹಳ ದಿನ ತಿರುಗಿ ಬರಲಿಲ್ಲ. ನೀಲಾಳ ಕಲ್ಲು ಒಣಗಿಯೇ ಉಳಿಯಿತು.

ನೀಲಾಳಿಗೆ ಆರು ತುಂಬಿದರೂ ಮಾತು ಬರಲಿಲ್ಲ. ಕಿವಿ ಚುರುಕಾಗಿತ್ತು. ಪಕ್ಕದ ಮನೆಯ ಖಾಸೀಂ ಕಾಕಾನ ಚಕ್ಕಡಿ ಓಣಿಯ ಬಾಯಿಗೆ ಬರುವ ಮೊದಲೇ ಅವನ ಎತ್ತಿನ ಗೆಜ್ಜೆ ಗುರುತಿಸಿ, ಬೆಲ್ಲದ ಚೂರು ಹಿಡಿದು ಕಟ್ಟೆಗೆ ಓಡುವಳು. ನೀರು ಬೇಕಾದರೆ ತನ್ನ ಗದ್ದದ ಮೇಲೆ ಎರಡು ಸಲ ಬೆರಳು ಬಡಿಯುವಳು. ಬಾಗಿಲ ಮರೆಯಲ್ಲಿ ಮಲಗಿದ ನನ್ನ ಗದ್ದಕ್ಕೆ ಹಾಗೆ ಬಡಿದು ಎಬ್ಬಿಸಿದ್ದೂ ಉಂಟು. "ಮಾತಾಡೂದಿಲ್ಲಂದ್ರ ಚಲೋನ ಆತು ಬಿಡು ತಂಗೀ," ಎಂದು ಖಾಸೀಂ ಕಾಕಾ ಅವ್ವನಿಗೆ ಹೇಳಿ ನಗುತ್ತಿದ್ದ, "ನಮ್ಮನಿಯಾಕಿ ನಿಲ್ಲಸೂದೇ ಇಲ್ಲ. ಬೇಕಂದ್ರ ಅಕಿ ಕಡೆಯಿಂದ ಅರ್ಧಾ ಕಡಾ ತಗೋ." ಅವ್ವ ನಗುತ್ತಿದ್ದಳು. ಆಯಿ ನಗುತ್ತಿರಲಿಲ್ಲ.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಶಿಕ್ಷಕರ ತರಬೇತಿಗೆ ಓದುತ್ತಿದ್ದ ಹುಡುಗನೊಬ್ಬ ಅಪ್ಪನ ಸಾಲೆಗೆ ಬಂದು, ನಮ್ಮ ಮನೆಯಲ್ಲೇ ನಾಲ್ಕು ದಿನ ಉಳಿದ. ಎಲ್ಲರೂ ಅವನನ್ನು ಟ್ರೇನಿಂಗ್ ಮಾಸ್ತರ ಎನ್ನುತ್ತಿದ್ದರು. ಅವನ ಬಳಿ ಒಂದು ಕಟ್ಟಿಗೆಯ ಪೆಟ್ಟಿಗೆ, ಅದರಲ್ಲಿ ಚಿತ್ರದ ಕಾರ್ಡುಗಳು. ಮಕ್ಕಳ ಬುದ್ಧಿ ಅಳೆಯುವ ಸಾಮಾನು ಎಂದ. ಐತವಾರ ಮಧ್ಯಾಹ್ನ ಮೊದಲು ನನ್ನನ್ನು ಅಳೆದ. "ನಿಮ್ಮ ಹಿರಿಯ ಮಗಳು ಬಹಳ ಜಾಣೆ ಇದ್ದಾಳ್ರಿ," ಎಂದ. ಅಪ್ಪ ನೀಲಾಳನ್ನೂ ಕರೆದು ಕೂರಿಸಿದ. ನಾಲ್ಕು ಚಿತ್ರಗಳು: ಆಕಳು, ಕುರಿ, ನಾಯಿ, ಕುರ್ಚಿ. ಗುಂಪಿಗೆ ಸೇರದ್ದು ಯಾವುದು? ನೀಲಾ ಬಹಳ ಹೊತ್ತು ನೋಡಿ ನಾಯಿಯ ಮೇಲೆ ಬೆರಳಿಟ್ಟಳು. ಅವನು ಕಾಗದದ ಮೇಲೆ ಸೊನ್ನೆ ಬರೆದ. ಆಕೆ ಹಾಗೆ ಏಕೆ ಮಾಡಿದಳೆಂದು ನನಗೆ ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ಆಕಳು ಇತ್ತು, ಕುರಿ ಇತ್ತು, ಅಪ್ಪನ ಕುರ್ಚಿ ಇತ್ತು, ನಾಯಿ ಇರಲಿಲ್ಲ. ನಾನು ಹೇಳಲಿಲ್ಲ. ಜಾಣೆ ಎನಿಸಿಕೊಂಡವಳಿಗೆ ಆ ಮಧ್ಯಾಹ್ನ ಇನ್ನೊಬ್ಬ ಜಾಣೆ ಬೇಕಿರಲಿಲ್ಲ.

ಕಾರ್ಡುಗಳನ್ನು ಜೋಡಿಸಿಡುತ್ತ ಅವನು ಮೆಲ್ಲಗೆ ಅಂದ: "ಹುಡುಗಿಗೆ ಆರು ವರ್ಷರಿ. ಬುದ್ಧಿಯ ವಯಸ್ಸು ಮೂರು. ಮೂರು ವರ್ಷ ಹಿಂದ ಉಳಿದಾಳ." ಅಡುಗೆಮನೆಯ ಹೊಸ್ತಿಲಲ್ಲಿದ್ದ ಆಯಿ ಆ ಮಾತನ್ನು ಎತ್ತಿಕೊಂಡಳು. ಆಕೆಗೆ ಅದು ಅಳತೆಯಾಗಿ ಕೇಳಲಿಲ್ಲ, ತನ್ನ ತಪ್ಪಾಗಿ ಕೇಳಿತು.

ಮರುದಿನ ಬೆಳಗಿನ ಬಸ್ಸಿಗೆ ಟ್ರೇನಿಂಗ್ ಮಾಸ್ತರ ಹೊರಟುಹೋದ. ಅಪ್ಪ ಸಾಲೆಗೆ, ಅವ್ವ ಬಟ್ಟೆ ಒಗೆಯಲು ಹಳ್ಳಕ್ಕೆ. ನೆಗಡಿ ಎಂದು ನಾನು ಮನೆಯಲ್ಲೇ ಉಳಿದಿದ್ದೆ. ಆಯಿ ಕಲ್ಲು ತೊಳೆದು ತಂದಳು.

"ಗಿರಿಜಾ, ವರ್ಷಕ್ಕ ಐತವಾರ ಎಷ್ಟ?"

"ಐವತ್ತೆರಡ, ಆಯಿ."

"ಮ್ಯಾಲಿನ ಎರಡ ಬಿಡು. ಮೂರ ವರ್ಷಕ್ಕ?"

"ನೂರೈವತ್ತ," ಎಂದೆ, ಉಸಿರು ಬಿಡುವಷ್ಟರಲ್ಲಿ.

"ಶಾಣ್ಯಾಕಿ. ಹಂಗಾರ ತೇಯ್. ನಾ ಕೊಡಬೇಕಾದ್ದನ್ನ ಕೊಡಲಿಲ್ಲ, ಅದಕ್ಕ ಕೂಸು ಹಿಂದ ಬಿದ್ದೈತಿ. ಎಲ್ಲಾ ಕೂಡಿ ಇವತ್ತ ಕೊಟ್ಟಬಿಡೂಣು."

ಆಯಿಯ ಬೆರಳುಗಳು ಸಂದುನೋವಿನಿಂದ ಬಿಗಿದಿದ್ದವು. ನಾನೇ ತೇಯ್ದೆ. ನೂರೈವತ್ತು ಸುತ್ತು, ಒಂದೂ ತಪ್ಪದಂತೆ ಎಣಿಸಿ. ಕಲ್ಲಿನ ಮೇಲೆ ಗಂಧದಂಥ ದಪ್ಪ ಮುದ್ದೆ ನಿಂತಿತು. ಆಯಿ ಅದಕ್ಕೆ ಜೇನು ಕಲಸಿದಳು. ನೀಲಾ ಮೊದಲು ತುಟಿ ಬಿಗಿಹಿಡಿದಳು, ಆಮೇಲೆ ಆಯಿಯ ಮುಖ ನೋಡಿ ಬಾಯಿ ತೆರೆದಳು.

ಮೊದಲ ವಾಂತಿಗೆ ಆಯಿ ಹೆದರಲಿಲ್ಲ. "ಜಡ ಹೊರಗ ಬರಾಕತ್ತೈತಿ," ಎಂದು ಬೆನ್ನು ಸವರಿದಳು. ಮೂರನೆಯದಕ್ಕೆ ಸವರುವುದನ್ನು ಬಿಟ್ಟು ಕೂಸನ್ನು ಎತ್ತಿ ಕೂರಿಸಿದಳು. ಐದನೆಯದರ ಹೊತ್ತಿಗೆ ನೀಲಾಳ ಕುತ್ತಿಗೆ ನಿಲ್ಲುತ್ತಿರಲಿಲ್ಲ. "ನೀರು ಕೊಡ್ಲ್ಯಾ?" ಎಂದು ನಾನು ಕೇಳಿದ್ದಕ್ಕೆ ಆಯಿ, "ಬಜಿ ಮ್ಯಾಲ ನೀರ ಕುಡಸಬಾರದು, ಗುಣ ಹೋಗ್ತೈತಿ," ಎಂದಳು. ನಾನು ಸಾಲೆಗೆ ಓಡಿದೆ, ಅಲ್ಲಿಂದ ಹಳ್ಳಕ್ಕೆ. ತಿರುಗಿ ಬಂದಾಗ ಖಾಸೀಂ ಕಾಕಾ ಚಕ್ಕಡಿ ಹೂಡಿ ನಿಂತಿದ್ದ.

ಬಾಗೇವಾಡಿಯ ದವಾಖಾನೆಗೆ ಹೋಗುವ ದಾರಿ ನನ್ನೊಳಗೆ ಇನ್ನೂ ಮುಗಿದಿಲ್ಲ. ಎರಡೂ ಕಡೆ ತೆನೆ ಕಟ್ಟುತ್ತಿದ್ದ ಬಿಳಿಜೋಳ, ಕರಿಮಣ್ಣಿನ ದಾರಿಯ ಕೊರಕಲು, ಅವ್ವನ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದ ತಂಗಿ. ನೀರು ಕುಡಿಸಿದರೆ ಮತ್ತೆ ವಾಂತಿಯಾದೀತೆಂದು ಅಪ್ಪ ತಂಬಿಗೆಯನ್ನು ತನ್ನ ಬಳಿಯೇ ಹಿಡಿದಿದ್ದ. ಅರ್ಧ ದಾರಿಯಲ್ಲಿ ನೀಲಾಳ ಕೈ ಮೇಲೆದ್ದಿತು. ಗದ್ದದ ತನಕ ಮುಟ್ಟಲಿಲ್ಲ; ಎದೆಯ ಮೇಲೆಯೇ ಬೆರಳು ಎರಡು ಸಲ ಅಲುಗಿತು. "ಕೈ ಸೆಳ್ಯಾಕತ್ತೈತಿ," ಎಂದು ಅವ್ವ ಅಳತೊಡಗಿದಳು.

"ಇಲ್ಲವ್ವಾ," ಎಂದೆ. "ಅಕಿ ನೀರು ಕೇಳಾಕತ್ತಾಳ."

ಖಾಸೀಂ ಕಾಕಾ ತಿರುಗಿ ನೋಡಿದ. "ಮಾಸ್ತರ, ಕೇಳಾಕತ್ತಾಳಂದ್ರ ಎಚ್ಚರ ಅದಾಳಂತ ಅರ್ಥ. ಹನಿ ಹನಿ ಬಿಡ್ರಿ. ಆ ಕೂಸಿನ ಮಾತು ಈ ಕೂಸಿಗೆ ತಿಳಿತೈತಿ."

ಅವ್ವ ಸೆರಗಿನ ತುದಿ ಅದ್ದಿ ಹಿಂಡಿದಳು. ನಾನು ಬೆರಳನ್ನೇ ನೋಡುತ್ತ ಕೂತೆ. ಅದು ಅಲುಗಿದಾಗೊಮ್ಮೆ "ಮತ್ತ" ಎನ್ನುತ್ತಿದ್ದೆ. ದವಾಖಾನೆಯ ಡಾಕ್ಟರು ತೋಳಿಗೆ ಸೂಜಿ ಚುಚ್ಚಿ ಸಲೈನ್ ಬಾಟಲಿ ತೂಗುಹಾಕಿದರು. "ನೀರು ಹಾಕದ ಹಂಗ ತಂದಿದ್ರ ನಾ ಏನೂ ಮಾಡಾಕ ಆಗ್ತಿರಲಿಲ್ಲರಿ," ಎಂದರು. ಎಷ್ಟು ಬಜೆ ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಲೆಕ್ಕ ಹೇಳಿದೆ. ಆಮೇಲೆ ಬಹಳ ದಿನ ನಾನು ಯಾರಿಗೂ ಯಾವ ಮಗ್ಗಿಯನ್ನೂ ಒಪ್ಪಿಸಲಿಲ್ಲ.

ಕಾಲೇಜಿನಲ್ಲಿ ನಾನು ಮನಶ್ಶಾಸ್ತ್ರ ಓದಿದೆ. ಮಾನಸಿಕ ವಯಸ್ಸು ಎಂದರೇನು ಎಂಬ ಪ್ರಶ್ನೆಗೆ ಒಂದೂವರೆ ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದೆ. ಅದರಲ್ಲಿ ನಾಯಿಯ ಚಿತ್ರದ ವಿಷಯ ಬರೆಯಲಿಲ್ಲ. ಆ ಟ್ರೇನಿಂಗ್ ಮಾಸ್ತರ ಕೆಟ್ಟವನಲ್ಲ. ಅವನಿಗೆ ಕಲಿಸಿದ್ದನ್ನು ಅವನು ಮಾಡಿದ, ತನಗೆ ಗೊತ್ತಿದ್ದನ್ನು ಆಯಿ ಮಾಡಿದಳು. ನೀಲಾ ಎಂಟನೆಯ ವರ್ಷಕ್ಕೆ ಮಾತಾಡಿದಳು, ಮೊದಲು ಖಾಸೀಂ ಕಾಕಾನ ಎತ್ತಿನ ಹೆಸರು. ಕೊನೆಯವರೆಗೂ ಕಡಿಮೆಯೇ ಮಾತು. ಆಕೆ ಹೊಲಿದ ಕೌದಿಗಳು ಸಿಂದಗಿ, ಮುದ್ದೇಬಿಹಾಳದ ಮನೆಗಳಿಗೂ ಹೋದವು. ಈಗ ಆಕೆ ಇಲ್ಲ, ಆಯಿ ಇಲ್ಲ, ಮಾಳಿಗೆ ಕುಸಿದು ಆ ಜಾಗದಲ್ಲಿ ಬೇರೆಯವರ ಮನೆ ಎದ್ದಿದೆ.

ಆಗ, ನೀಲಾಳನ್ನು ದವಾಖಾನೆಯಿಂದ ತಂದ ಮೇಲೂ, ನಾವು ಯಾರೂ ನಿದ್ದೆ ಮಾಡಲಿಲ್ಲ. ಆಯಿ ನೀಲಾಳ ಎದೆಯ ಮೇಲೆ ಅಂಗೈ ಇಟ್ಟು ಕೂತೇ ಇರುತ್ತಿದ್ದಳು; ನಾನು ಕಣ್ಣು ಮುಚ್ಚಿಕೊಂಡು ಆ ಉಸಿರನ್ನು ಎಣಿಸುತ್ತಿದ್ದೆ. ಆಯಿ ನನ್ನನ್ನು ಬೈಯಲಿಲ್ಲ, ಅಪ್ಪ ಆಯಿಯನ್ನು ಬೈಯಲಿಲ್ಲ. ಬೈದಿದ್ದರೆ ಮಲಗಬಹುದಿತ್ತೇನೋ. ಎಳ್ಳಮಾವಾಸ್ಯೆ ಬಂತು. ಖಾಸೀಂ ಕಾಕಾನ ಚಕ್ಕಡಿಯಲ್ಲೇ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿದೆವು. ನೀಲಾ ಸಜ್ಜೆ ರೊಟ್ಟಿಯನ್ನು ಬದನೆಕಾಯಿ ಪಲ್ಯದ ಜೊತೆ ತಿಂದಳು, ಇನ್ನೊಂದಕ್ಕೆ ಕೈಚಾಚಿದಳು. ಅದು ಹೊಟ್ಟೆಯಲ್ಲಿ ನಿಂತಿತು. ಅಂದು ಮನೆಗೆ ಬಂದು ಚಾಪೆಗೆ ಬೆನ್ನು ಹಚ್ಚಿದ್ದಷ್ಟೇ ನನಗೆ ನೆನಪು.

ಎಚ್ಚರವಾದಾಗ ಬೆಳಕಿಂಡಿಯ ಬಿಸಿಲು ಹಗೇವಿನ ಕಲ್ಲಿನ ತನಕ ಬಂದಿತ್ತು. ಅಪ್ಪ, ಅವ್ವ ಇನ್ನೂ ಮಲಗಿದ್ದರು. ಆಯಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಆಕೆಯ ಅಂಗೈ ಖಾಲಿ ಹಾಸಿಗೆಯ ಮೇಲಿತ್ತು. ನಾನು ತಟ್ಟನೆ ಎದ್ದು ಕೂತೆ. ಅಷ್ಟರಲ್ಲಿ ನೀಲಾ ಅಡುಗೆಮನೆಯಿಂದ ಬಂದಳು, ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಹೆಜ್ಜೆಯಿಡುತ್ತ. ಅದನ್ನು ಕೆಳಗಿಟ್ಟು, ಮಂಡಿಯೂರಿ ಕೂತು, ಆಯಿಯ ಗದ್ದದ ಮೇಲೆ ಎರಡು ಸಲ ಬೆರಳು ಬಡಿದಳು.